ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಗಂಟೆ ಯಾಕೆ ಬೇರೆ ಬೇರೆ?

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಇದ್ದಾರೆ. ಬರುವ ಜನವರಿಯಲ್ಲಿ ನಾನು, ನಮ್ಮ ಯಜಮಾನರು ಹೋಗಿ ಜೂನ್‌ನಲ್ಲಿ ವಾಪಸ್ ಬರೋಣ ಅಂತಿದ್ದೇವೆ. ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಅಂತ ಹುಡುಕಿದರೆ ಒಂದು ಕಡೆ ಹದಿನೈದೂವರೆ ಗಂಟೆ, ಇನ್ನೊಂದು ಕಡೆ 17 ಗಂಟೆ 53 ನಿಮಿಷ ಅಂತ ಬರುತ್ತೆ. ಮಗಳು ಕಳಿಸಿದ ವೇಳಾಪಟ್ಟಿಯಲ್ಲಿ ನೋಡಿದರೆ ಮಧ್ಯಾಹ್ನ 2:30ಕ್ಕೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ 5ಕ್ಕೆ ಅಲ್ಲಿ ಇಳಿಯುವುದಂತೆ! ಬರುವಾಗ ಶುಕ್ರವಾರ ರಾತ್ರಿ 9ಕ್ಕೆ ಹತ್ತಿದರೆ ಭಾನುವಾರ ಬೆಳಗಿನ ಜಾವ 3ಕ್ಕೆ ಬೆಂಗಳೂರು. ಭೂಮಿ ತಿರುಗೋದರಿಂದ ಹೀಗಾಗುತ್ತೆ ಅಂತ ನಮ್ಮ ಯಜಮಾನರ ವಾದ. ಅವರು ಶನಿವಾರ ಒಪ್ಪತ್ತು ಮಾಡುವವರು; ಆ ಶನಿವಾರ ಎಲ್ಲಿ ಹೋಯ್ತು ಅನ್ನೋದು ಅವರ ಇನ್ನೊಂದು ಪ್ರಶ್ನೆ. ನೇರ ವಿಮಾನ ಒಳ್ಳೆಯದೋ, ಮಧ್ಯೆ ಒಂದು ಕಡೆ ಇಳಿದು ಹೋಗುವುದು ಒಳ್ಳೆಯದೋ? ಇಬ್ಬರಿಗೂ ಅರವತ್ತೈದು ದಾಟಿದೆ.
— ಶಿಡ್ಲಘಟ್ಟದ ಓದುಗರು

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ದೂರದ್ದು ಸುಲಭ, ಅದನ್ನು ಮೊದಲು ಮುಗಿಸಿಬಿಡುತ್ತೇನೆ. ವಿಮಾನ ಹೊರಡುವ ಮುನ್ನ ಅದರ ದಾರಿ, ಇಂಧನದ ಲೆಕ್ಕ ಹಾಕುವ ಫ್ಲೈಟ್ ಡಿಸ್ಪ್ಯಾಚ್ ವಿಭಾಗದಲ್ಲಿ ದುಡಿದವನು ನಾನು. ಗಾಳಿಯ ವಿಷಯಕ್ಕೆ ಬಂದಾಗ ಮಾತು ಉದ್ದವಾದರೆ ಸಹಿಸಿಕೊಳ್ಳಿ.

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೂ ನಡುವಿನ ದೂರ 13,993 ಕಿಲೋಮೀಟರ್. ಭೂಮಿಯ ಮೈಮೇಲೆ ಈ ಎರಡು ಜಾಗಗಳನ್ನು ಸೇರಿಸುವ ಅತಿ ಹತ್ತಿರದ ದಾರಿ ಇದು. ಎರಡೂ ಕಡೆಯ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸಾಕು, ಯಾರು ಲೆಕ್ಕ ಹಾಕಿದರೂ ಹತ್ತಿಪ್ಪತ್ತು ಕಿಲೋಮೀಟರ್ ಆಚೀಚೆ ಇದೇ ಬರುತ್ತದೆ. ಎಲ್ಲಾದರೂ 8,695 ಅಂತಲೋ 7,556 ಅಂತಲೋ ಕಂಡರೆ ಗಾಬರಿಯಾಗಬೇಡಿ. ಮೊದಲನೆಯದು ಮೈಲಿ, ಎರಡನೆಯದು ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಆದ್ದರಿಂದ ಯಾವ ಎರಡು ಊರುಗಳೂ 20,000 ಕಿಲೋಮೀಟರಿಗಿಂತ ದೂರ ಇರುವ ಹಾಗಿಲ್ಲ. ನೀವು ಹೊರಟಿರುವುದು ಅದರಲ್ಲಿ ಹತ್ತಕ್ಕೆ ಏಳು ಪಾಲು ದೂರಕ್ಕೆ.

ಈ ಹತ್ತಿರದ ದಾರಿ ಎಲ್ಲೆಲ್ಲಿ ಹಾದುಹೋಗುತ್ತದೆ ಅನ್ನುವುದು ಗೋಡೆಗೆ ನೇತುಹಾಕಿದ ನಕ್ಷೆಯಲ್ಲಿ ಗೊತ್ತಾಗುವುದಿಲ್ಲ. ನಿಮ್ಮೂರಲ್ಲಿ ರೇಷ್ಮೆ ನೂಲಿಗೇನು ಬರ? ಒಂದು ಎಳೆ ತೆಗೆದುಕೊಳ್ಳಿ. ಶಾಲೆಯಲ್ಲಿ ಇರುತ್ತದಲ್ಲ, ಅಂಥ ಗ್ಲೋಬ್ ಒಂದು ಸಿಕ್ಕರೆ ಎಳೆಯ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಬೆರಳಿಂದ ಒತ್ತಿಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ಎಳೆ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಉತ್ತರಕ್ಕೆ ಮುಖ ಮಾಡಿ ಸ್ವಲ್ಪವೇ ಪೂರ್ವಕ್ಕೆ ವಾಲುತ್ತದೆ. ನೇಪಾಳ, ಟಿಬೆಟ್, ಚೀನಾ-ಮಂಗೋಲಿಯಾ ಗಡಿ ದಾಟಿ, ಬೈಕಲ್ ಸರೋವರದ ಪಶ್ಚಿಮಕ್ಕೆ ಸೈಬೀರಿಯಾದ ಮೇಲೆ ಹಾದು, 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹತ್ತಿ, ಆರ್ಕ್‌ಟಿಕ್ ಸಾಗರದ ಅಂಚನ್ನು ಸವರಿಕೊಂಡು ಅಲಾಸ್ಕಾಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಪೆಸಿಫಿಕ್ ಸಾಗರದ ಮೇಲೆ ನೇರ ಕ್ಯಾಲಿಫೋರ್ನಿಯಾ. ಚಪ್ಪಟೆ ನಕ್ಷೆಯಲ್ಲಿ ಇದೇ ದಾರಿ ದೊಡ್ಡ ಕಮಾನಿನ ಹಾಗೆ, ಸುಮ್ಮನೆ ಬಳಸಿಕೊಂಡು ಹೋದ ಹಾಗೆ ಕಾಣುತ್ತದೆ. ಸೀಟಿನ ಮುಂದಿನ ಪರದೆಯಲ್ಲಿ ನಕ್ಷೆ ನೋಡಿ "ಇದೇನು ಇವನು ಹಿಮದ ಕಡೆ ತಿರುಗಿಸುತ್ತಿದ್ದಾನೆ" ಅಂದುಕೊಳ್ಳುವವರು ಬಹಳ ಜನ.

ಇನ್ನು ಗಂಟೆಯ ಮಾತು. ನೀವು ನೋಡಿದ ಎರಡು ಜಾಲತಾಣಗಳೂ ಗಾಳಿಯನ್ನಾಗಲಿ ದಾರಿಯನ್ನಾಗಲಿ ನೋಡಿಲ್ಲ, ದೂರವನ್ನು ಒಂದು ವೇಗದಿಂದ ಭಾಗಿಸಿವೆ ಅಷ್ಟೆ. 13,993 ಅನ್ನು ಗಂಟೆಗೆ 900 ಕಿಲೋಮೀಟರಿನಿಂದ ಭಾಗಿಸಿ ನೋಡಿ, ಹದಿನೈದೂವರೆ ಗಂಟೆ ಬರುತ್ತದೆ. ಇನ್ನೊಂದು ತಾಣ ಗಂಟೆಗೆ 500 ಮೈಲಿ, ಅಂದರೆ 805 ಕಿಲೋಮೀಟರ್ ಹಿಡಿದು, ಏರುವುದಕ್ಕೆ ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸಿದೆ. 17 ಗಂಟೆ 53 ನಿಮಿಷದ ಗುಟ್ಟು ಇಷ್ಟೇ. ಆ 53 ನಿಮಿಷ ನೋಡಿ ಎಷ್ಟು ಕರಾರುವಾಕ್ಕು ಅನ್ನಿಸುತ್ತದೆ, ಆದರೆ ಅದರಲ್ಲಿ ಹುರುಳಿಲ್ಲ. ಬೆಂಗಳೂರು-ದೆಹಲಿಯಂಥ ಹತ್ತಿರದ ಪ್ರಯಾಣಕ್ಕೆ ಇಂಥ ಲೆಕ್ಕ ಹೇಗೋ ನಡೆಯುತ್ತದೆ. ಹದಿನಾಲ್ಕು ಸಾವಿರ ಕಿಲೋಮೀಟರಿಗೆ ನಡೆಯುವುದಿಲ್ಲ.

ಯಾಕೆ ಅಂದರೆ, ದೂರದ ಪ್ರಯಾಣದಲ್ಲಿ ಡಿಸ್ಪ್ಯಾಚರ್ ಹುಡುಕುವುದು ಕಡಿಮೆ ಕಿಲೋಮೀಟರಿನ ದಾರಿಯನ್ನಲ್ಲ, ಕಡಿಮೆ ಇಂಧನ ಕುಡಿಯುವ ದಾರಿಯನ್ನು. ನೆಲದಿಂದ ಒಂಬತ್ತು-ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿ ಹರಿಯುತ್ತದೆ, ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಗಂಟೆಗೆ ನೂರೈವತ್ತು-ಇನ್ನೂರು ಕಿಲೋಮೀಟರ್ ವೇಗ ಅದಕ್ಕೆ ಮಾಮೂಲು. ಚಳಿಗಾಲದಲ್ಲಿ ಜಪಾನ್ ಮೇಲೆ ಮುನ್ನೂರು ದಾಟುವುದೂ ಉಂಟು. ಅಗಲ ಕೆಲವು ನೂರು ಕಿಲೋಮೀಟರ್. ಎಲ್ಲಿ ಹರಿಯುತ್ತದೆ ಅನ್ನುವುದು ದಿನಕ್ಕೊಂದು ಥರ ಬದಲಾಗುತ್ತದೆ. ಪೂರ್ವಕ್ಕೆ ಹೋಗುವ ವಿಮಾನ ಅದರೊಳಗೆ ನುಗ್ಗಿದರೆ ಬೆನ್ನ ಹಿಂದಿನ ಗಾಳಿಯಷ್ಟೂ ಲಾಭ. ಪಶ್ಚಿಮಕ್ಕೆ ಬರುವ ವಿಮಾನ ಅದರಿಂದ ದೂರ ಉಳಿದಷ್ಟೂ ಒಳ್ಳೆಯದು.

ಲೆಕ್ಕ ಹಾಕಿ ತೋರಿಸುತ್ತೇನೆ. ಗಾಳಿಯೇ ಇಲ್ಲದ ದಿನ 900 ವೇಗದಲ್ಲಿ ನೇರ ದಾರಿ ಹಿಡಿದರೆ ಹದಿನೈದೂವರೆ ಗಂಟೆ ಅಂದೆವು. ಈಗ ಡಿಸ್ಪ್ಯಾಚರ್ ವಿಮಾನಕ್ಕೆ ಬೇಕಂತಲೇ ಸುತ್ತು ಹಾಕಿಸಿ, 14,800 ಕಿಲೋಮೀಟರಿನ ದಾರಿಯಲ್ಲಿ ಕಳಿಸುತ್ತಾನೆ ಅಂತಿಟ್ಟುಕೊಳ್ಳಿ. ಆ ದಾರಿಯುದ್ದಕ್ಕೂ ಸರಾಸರಿ 80 ಕಿಲೋಮೀಟರ್ ಹಿಂಗಾಳಿ ಸಿಕ್ಕಿದರೆ ನೆಲದ ಮೇಲಿನ ವೇಗ 980 ಆಗುತ್ತದೆ. 14,800 ಭಾಗಿಸು 980 ಅಂದರೆ ಹದಿನೈದು ಗಂಟೆ ಆರು ನಿಮಿಷ. ಎಂಟು ನೂರು ಕಿಲೋಮೀಟರ್ ಸುತ್ತಿದರೂ ಹೆಚ್ಚುಕಮ್ಮಿ ಅರ್ಧ ಗಂಟೆ ಮೊದಲೇ ತಲುಪಿದ ಹಾಗಾಯಿತು. ದೊಡ್ಡ ವಿಮಾನ ಗಂಟೆಗೆ ಆರೇಳು ಟನ್ ಇಂಧನ ಸುಡುವಾಗ ಅರ್ಧ ಗಂಟೆ ಅಂದರೆ ಸಣ್ಣ ಮಾತಲ್ಲ. ಅದಕ್ಕೇ ಅಮೆರಿಕಕ್ಕೆ ಹೋಗುವ ನೇರ ವಿಮಾನ ಎಷ್ಟೋ ದಿನ ನಿಮ್ಮ ರೇಷ್ಮೆ ಎಳೆಯ ದಾರಿ ಬಿಟ್ಟು, ಬಂಗಾಳ ಕೊಲ್ಲಿಯ ಕಡೆಯಿಂದ ಮ್ಯಾನ್ಮಾರ್, ಚೀನಾ, ಜಪಾನ್ ಮೇಲೆ ಸಾಗಿ, ಪೆಸಿಫಿಕ್ ಮೇಲಿನ ಹಿಂಗಾಳಿ ಹಿಡಿಯುತ್ತದೆ. ಮೊನ್ನೆ ಹೋದ ದಾರಿಯಲ್ಲೇ ಇವತ್ತೂ ಹೋಗಬೇಕು ಅಂತೇನಿಲ್ಲ.

ನೀವು ಹೋಗುವ ಜನವರಿ ಈ ಗಾಳಿ ಅತಿ ಜೋರಾಗಿರುವ ತಿಂಗಳುಗಳಲ್ಲೊಂದು. ಹಾಗಾಗಿ ಹೋಗುವಾಗ ಟಿಕೆಟ್ಟಿನಲ್ಲಿ ಬರೆದದ್ದಕ್ಕಿಂತ ಬೇಗ ತಲುಪಿದರೆ ಆಶ್ಚರ್ಯಪಡಬೇಡಿ. ಜೂನ್ ಹೊತ್ತಿಗೆ ಜೆಟ್ ಸ್ಟ್ರೀಮ್ ಉತ್ತರಕ್ಕೆ ಸರಿದು ಬಲ ಕಳೆದುಕೊಂಡಿರುತ್ತದೆ, ಬರುವಾಗ ಎದುರುಗಾಳಿಯ ಕಾಟ ಚಳಿಗಾಲದಷ್ಟಿರುವುದಿಲ್ಲ. ಇದೇ ಪ್ರವಾಸವನ್ನು ತಿರುಗುಮುರುಗು ಮಾಡಿ ಜೂನ್‌ನಲ್ಲಿ ಹೋಗಿ ಜನವರಿಯಲ್ಲಿ ಬಂದಿದ್ದರೆ ಎರಡೂ ಕಡೆ ನಷ್ಟವೇ ಆಗುತ್ತಿತ್ತು. ನಿಮಗೆ ತಾನಾಗಿಯೇ ಒಳ್ಳೆಯ ತಿಂಗಳುಗಳು ಕೂಡಿಬಂದಿವೆ.

ಎಳೆಯ ದಾರಿ ಬಿಡುವುದಕ್ಕೆ ಗಾಳಿಯಲ್ಲದೆ ಬೇರೆ ಕಾರಣಗಳೂ ಇವೆ. ಒಂದು, ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಅಕಸ್ಮಾತ್ ಇಳಿದರೆ ತಲೆಯ ಮೇಲಿಂದ ಆಮ್ಲಜನಕದ ಮುಖವಾಡಗಳು ಬೀಳುತ್ತವೆ ನೋಡಿ, ಅದು ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸಿಗೆ ಮಾತ್ರ ಸಾಕಾಗುವ ವ್ಯವಸ್ಥೆ. ಅಷ್ಟರೊಳಗೆ ಪೈಲಟ್ ಸುಮಾರು ಹತ್ತು ಸಾವಿರ ಅಡಿಗೆ, ಅಂದರೆ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯುವುದೆಲ್ಲಿಗೆ? ಅದಕ್ಕೇ ಹೆಚ್ಚಿನ ವಿಮಾನಗಳು ಆ ಪ್ರಸ್ಥಭೂಮಿಯ ನಡುಭಾಗವನ್ನು ಬಿಟ್ಟು ಸುತ್ತಿಕೊಂಡೇ ಹೋಗುತ್ತವೆ.

ಎರಡನೆಯದು, ಬಾಗಿಲು ಹಾಕಿದ ಆಕಾಶ. 2022ರಿಂದ ರಷ್ಯಾದ ವಾಯುಪ್ರದೇಶ ಅಮೆರಿಕ, ಯುರೋಪಿನ ಒಕ್ಕೂಟದ ಕಂಪನಿಗಳಿಗೆ ಮುಚ್ಚಿದೆ. ಭಾರತದ ಕಂಪನಿಗಳಿಗೆ ಮುಚ್ಚಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಇದರಿಂದ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳಿಗೆ ಗಂಟೆಗಟ್ಟಲೆ ಸುತ್ತು ಬಿತ್ತು. ಅಂದರೆ ಅದೇ ಎರಡು ಊರುಗಳ ನಡುವೆ ವಿಮಾನ ಯಾವ ದೇಶದ್ದು ಅನ್ನುವುದರ ಮೇಲೂ ಗಂಟೆ ಬದಲಾಗುತ್ತದೆ. 13,993ರಲ್ಲಿ ಇದು ಯಾವುದೂ ಕಾಣುವುದಿಲ್ಲ.

ಮೂರನೆಯದು, ತುರ್ತಿಗೆ ಇಳಿಯುವ ಜಾಗ. ಈಗಿನ ದೊಡ್ಡ ವಿಮಾನಗಳಲ್ಲಿ ಬಹುಪಾಲಿಗೆ ಎರಡೇ ಎಂಜಿನ್. ಒಂದು ಕೈಕೊಟ್ಟರೆ ಇನ್ನೊಂದರಲ್ಲೇ ನಿಗದಿತ ಸಮಯದೊಳಗೆ ತಲುಪಬಹುದಾದ ನಿಲ್ದಾಣ ದಾರಿಯುದ್ದಕ್ಕೂ ಇರಲೇಬೇಕು ಅನ್ನುವುದು ನಿಯಮ. ನಕ್ಷೆಯ ಮೇಲೆ ಇಂಥ ನಿಲ್ದಾಣಗಳ ಸುತ್ತ ವೃತ್ತ ಎಳೆದು, ಆ ವೃತ್ತಗಳೊಳಗೇ ದಾರಿ ಕೂರಿಸುತ್ತಾರೆ. ಬರೀ ಕಾಗದದ ಮೇಲಿನ ಮಾತಲ್ಲ ಇದು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನವೊಂದರ ಎಂಜಿನ್‌ನಲ್ಲಿ ತೊಂದರೆ ಕಂಡು, ರಷ್ಯಾದ ಪೂರ್ವ ತುದಿಯ ಮಗದಾನ್ ಅನ್ನುವ ಊರಲ್ಲಿ ಸುರಕ್ಷಿತವಾಗಿ ಇಳಿಸಿದರು. ಇನ್ನೊಂದು ವಿಮಾನ ಕಳಿಸಿ ಪ್ರಯಾಣಿಕರನ್ನು ಮುಂದಕ್ಕೆ ಕರೆದೊಯ್ದರು.

ಬರುವ ದಾರಿಯದ್ದು ಇನ್ನೊಂದು ಕಥೆ. ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೊ ನೇರ ಹಾರಾಟವನ್ನು ಏರ್ ಇಂಡಿಯಾ ಶುರುಮಾಡಿದ್ದು 2021ರ ಜನವರಿಯಲ್ಲಿ. ಮೊದಲ ವಿಮಾನ ಬಂದದ್ದು ಅಲ್ಲಿಂದ ಇಲ್ಲಿಗೆ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ, ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ಎದುರುಗಾಳಿ ತಪ್ಪಿಸಿಕೊಂಡು ಉತ್ತರ ಧ್ರುವದ ಮೇಲಿನ ದಾರಿ ಹಿಡಿದು, ಹದಿನೇಳು ಗಂಟೆಗೂ ಹೆಚ್ಚು ಹಾರಿದರು. ಧ್ರುವದ ದಾರಿಗೆ ಅದರದೇ ತಾಪತ್ರಯಗಳಿವೆ. ಹೊರಗಿನ ಚಳಿ ಮೈನಸ್ 65 ಡಿಗ್ರಿಗೂ ಕೆಳಗಿಳಿಯಬಹುದು; ಅಮೆರಿಕದಲ್ಲಿ ತುಂಬಿಸುವ ವಿಮಾನ ಇಂಧನ ಮೈನಸ್ 40ರಲ್ಲಿ, ನಮ್ಮಲ್ಲಿ ತುಂಬಿಸುವುದು ಮೈನಸ್ 47ರಲ್ಲಿ ಹೆಪ್ಪುಗಟ್ಟಲು ಶುರುವಾಗುತ್ತದೆ. ರೆಕ್ಕೆಯೊಳಗಿನ ಇಂಧನದ ತಾಪಮಾನದ ಮೇಲೆ ಕಣ್ಣಿಟ್ಟು, ಬೇಕಾದರೆ ವೇಗ ಹೆಚ್ಚಿಸಿ, ಇಲ್ಲವೇ ಕೆಳಗಿಳಿದು ಬೆಚ್ಚಗಿನ ಗಾಳಿ ಹುಡುಕುತ್ತಾರೆ. ಅವರು ಬಳಸಿದ್ದು ಬೋಯಿಂಗ್ 777-200ಎಲ್‌ಆರ್. ಟ್ಯಾಂಕಿನಲ್ಲಿ 1,80,000 ಲೀಟರಿಗೂ ಹೆಚ್ಚು ಇಂಧನ ಹಿಡಿಸುವ ವಿಮಾನ ಅದು, ಕಂಪನಿ ಹೇಳುವ ಹಾರಾಟದ ಮಿತಿ 15,800 ಕಿಲೋಮೀಟರ್ ಆಸುಪಾಸು. 13,993ಕ್ಕೆ ಧಾರಾಳ ಸಾಕು ಅನ್ನಿಸುತ್ತದೆ. ಎದುರುಗಾಳಿ, ಸುತ್ತುದಾರಿ, ತುರ್ತಿಗೆ ಉಳಿಸಲೇಬೇಕಾದ ಇಂಧನ, ಇಷ್ಟನ್ನೂ ಕಳೆದ ಮೇಲೆ ಉಳಿಯುವುದು ಕಮ್ಮಿಯೇ. ಹೋಗುವಾಗ ಇನ್ನೊಂದು ತೊಡಕು: ದೇವನಹಳ್ಳಿ ನಿಲ್ದಾಣ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು, ಬಿಸಿಲು ಏರಿದರೆ ಇನ್ನೂ ತೆಳು. ಭರ್ತಿ ಇಂಧನ ಹೊತ್ತ ವಿಮಾನ ಅಲ್ಲಿಂದ ಏಳಬೇಕಾದರೆ ಸಮುದ್ರಮಟ್ಟದ ಸ್ಯಾನ್ ಫ್ರಾನ್ಸಿಸ್ಕೊಗಿಂತ ಉದ್ದ ಓಡಬೇಕು. ನಾಲ್ಕು ಕಿಲೋಮೀಟರ್ ಉದ್ದದ ರನ್‌ವೇ ಇರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನು ನಿಮ್ಮ ಯಜಮಾನರ ವಾದ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದು ನಿಜ. ಬೆಂಗಳೂರಿನ ಅಕ್ಷಾಂಶದಲ್ಲಿ ನೆಲ ಗಂಟೆಗೆ 1,600 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸರಿಯುತ್ತಿರುತ್ತದೆ. ಆದರೆ ನೆಲದ ಜೊತೆ ಗಾಳಿಯೂ ಸುತ್ತುತ್ತದೆ, ರನ್‌ವೇಯಲ್ಲಿ ನಿಂತ ವಿಮಾನಕ್ಕೂ ಆ ವೇಗ ಆಗಲೇ ಬಂದಿರುತ್ತದೆ. ಹಾಗಿಲ್ಲದೆ ನೆಲ ಮಾತ್ರ ಸರಿಯುವುದಾಗಿದ್ದರೆ, ನಂದಿಬೆಟ್ಟದ ಮೇಲೆ ಹೆಲಿಕಾಪ್ಟರ್ ಒಂದು ಗಂಟೆ ನಿಂತಲ್ಲೇ ನಿಂತರೆ ಕೆಳಗೆ ಅರಬ್ಬೀ ಸಮುದ್ರ ಬಂದಿರಬೇಕಿತ್ತು. ಹಾಗಂತ ಅವರನ್ನು ಪೂರ್ತಿ ಸೋಲಿಸುವುದು ಬೇಡ. ಸಮಭಾಜಕದ ಬಿಸಿಗೂ ಧ್ರುವದ ಚಳಿಗೂ ಇರುವ ಅಂತರದಿಂದ ಹುಟ್ಟುವ ಮೇಲ್ಗಾಳಿ ಪೂರ್ವಕ್ಕೇ ತಿರುಗಿಕೊಳ್ಳುವುದು ಭೂಮಿಯ ಸುತ್ತುವಿಕೆಯಿಂದ. ಗಡಿಯಾರದ ವ್ಯತ್ಯಾಸವೂ ಅದರಿಂದಲೇ. ನೇರವಾಗಿ ಅಲ್ಲದಿದ್ದರೂ ಬಳಸಿಕೊಂಡು ಅವರ ಮಾತೇ ನಿಜವಾಯಿತು.

ಈಗ ಆ ಎರಡೂವರೆ ಗಂಟೆಯ ಪವಾಡ. ಟಿಕೆಟ್ಟಿನಲ್ಲಿರುವ ಎರಡು ಸಮಯಗಳನ್ನು ಎಂದೂ ನೇರವಾಗಿ ಒಂದರಿಂದೊಂದು ಕಳೆಯಬೇಡಿ. ಹೊರಡುವ ಸಮಯ ಇಲ್ಲಿಯ ಗಡಿಯಾರದ್ದು, ತಲುಪುವ ಸಮಯ ಅಲ್ಲಿಯದ್ದು. ಎರಡನ್ನೂ ಗ್ರೀನಿಚ್ ಸಮಯಕ್ಕೆ ತಂದುಕೊಂಡರೆ ತಲೆನೋವು ಹೋಗುತ್ತದೆ. ನಮ್ಮ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಮಧ್ಯಾಹ್ನ 2:30 ಅಂದರೆ ಗ್ರೀನಿಚ್‌ನಲ್ಲಿ ಬೆಳಿಗ್ಗೆ 9. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ಗ್ರೀನಿಚ್‌ಗಿಂತ ಎಂಟು ಗಂಟೆ ಹಿಂದೆ, ಅಲ್ಲಿ ಸಂಜೆ 5 ಅಂದರೆ ಗ್ರೀನಿಚ್‌ನಲ್ಲಿ ಮಾರನೇ ದಿನ ಬೆಳಗಿನ ಜಾವ 1. ಒಂಬತ್ತರಿಂದ ಒಂದಕ್ಕೆ ಹದಿನಾರು ಗಂಟೆ. ಇದು ನಿಮ್ಮ ನಿಜವಾದ ಪ್ರಯಾಣದ ಸಮಯ. ಇದರಲ್ಲಿ ಹಾರುವುದಷ್ಟೇ ಅಲ್ಲ, ಗೇಟಿನಿಂದ ಹಿಂದಕ್ಕೆ ತಳ್ಳುವುದು, ರನ್‌ವೇವರೆಗೆ ಉರುಳುವುದು, ಇಳಿದ ಮೇಲೆ ಮತ್ತೆ ಗೇಟಿಗೆ ಬರುವುದು ಎಲ್ಲ ಸೇರಿದೆ.

ನಡುವೆ ಕತ್ತಲಾಗುತ್ತದೆ, ಮತ್ತೆ ಬೆಳಗಾಗುತ್ತದೆ, ಮತ್ತೆ ಅದೇ ತಾರೀಕಿನ ಮಧ್ಯಾಹ್ನವೇ ಬರುತ್ತದೆ. ಪೆಸಿಫಿಕ್ ನಡುವಿನ ದಿನಾಂಕ ರೇಖೆ ದಾಟುವಾಗ ಕ್ಯಾಲೆಂಡರ್ ಒಂದು ದಿನ ಹಿಂದಕ್ಕೆ ಹೋಗುವುದರಿಂದ, ಶಿಡ್ಲಘಟ್ಟದಲ್ಲಿ ನಡುರಾತ್ರಿ ಶುರುವಾದ ಆ ತಾರೀಕು ನಿಮ್ಮ ಪಾಲಿಗೆ ಮೂವತ್ತೇಳೂವರೆ ಗಂಟೆ ಉದ್ದವಾಗಿರುತ್ತದೆ.

ಬರುವಾಗ ಅದರ ಸಾಲ ತೀರಿಸಬೇಕು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ನೀವು ಹೋದಾಗ ನಮಗೂ ಅವರಿಗೂ ಹದಿಮೂರೂವರೆ ಗಂಟೆ ಅಂತರ, ಬರುವಾಗ ಹನ್ನೆರಡೂವರೆ. ಮಗಳಿಗೆ ಫೋನ್ ಮಾಡುವ ಹೊತ್ತು ವರ್ಷಕ್ಕೆರಡು ಸಲ ಬದಲಾಗುವುದು ನಿಮಗೆ ಆಗಲೇ ಅಭ್ಯಾಸವಾಗಿರುತ್ತದೆ. ಜೂನ್‌ನ ಶುಕ್ರವಾರ ರಾತ್ರಿ 9ಕ್ಕೆ ಅಲ್ಲಿ ಹತ್ತುವಾಗ ಶಿಡ್ಲಘಟ್ಟದಲ್ಲಿ ಶನಿವಾರ ಬೆಳಿಗ್ಗೆ 9:30. ಅದಕ್ಕೆ ಹದಿನೇಳೂವರೆ ಗಂಟೆ ಕೂಡಿಸಿ: ಭಾನುವಾರ ಬೆಳಗಿನ ಜಾವ 3. ಶನಿವಾರ ಎಲ್ಲೂ ಹೋಗಿಲ್ಲ, ನೀವಿಬ್ಬರೂ ಅದನ್ನು ಸೀಟಿನಲ್ಲಿ ಕೂತೇ ಕಳೆದಿರುತ್ತೀರಿ. ಕ್ಯಾಲಿಫೋರ್ನಿಯಾದ ನಡುರಾತ್ರಿಯಿಂದ ನಮ್ಮ ನಡುರಾತ್ರಿಯವರೆಗೆ ಲೆಕ್ಕ ಹಾಕಿದರೆ ಆ ಶನಿವಾರಕ್ಕೆ ಹನ್ನೊಂದೂವರೆ ಗಂಟೆ ಮಾತ್ರ. ಒಪ್ಪತ್ತಿಗೆ ಇಷ್ಟು ಸುಲಭದ ಶನಿವಾರ ಇನ್ನೊಂದು ಸಿಗಲಾರದು! ವಿಮಾನದಲ್ಲಿ ಎರಡು ಸಲ ಊಟ ತಂದುಕೊಡುತ್ತಾರೆ, ಒಂದನ್ನು ಬೇಡ ಅಂದರಾಯಿತು. ಶಾಸ್ತ್ರಕ್ಕೆ ಯಾವ ಊರಿನ ಸೂರ್ಯೋದಯ ಹಿಡಿಯಬೇಕು ಅನ್ನುವುದನ್ನು ಮಾತ್ರ ನಿಮ್ಮ ಪುರೋಹಿತರನ್ನೇ ಕೇಳಿ.

ನೇರವೋ, ಮಧ್ಯೆ ಇಳಿಯುವುದೋ ಅನ್ನುವುದಕ್ಕೆ ಬರೋಣ. ದುಬೈ ಮೂಲಕ ಹೋದರೆ ಬೆಂಗಳೂರಿನಿಂದ ದುಬೈಗೆ ಸುಮಾರು 2,700, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 13,000 ಕಿಲೋಮೀಟರಿಗೆ ಸ್ವಲ್ಪ ಮೇಲೆ. ತಮಾಷೆ ನೋಡಿ, ದುಬೈನಿಂದ ಹೊರಟ ಎಳೆ ಹೆಚ್ಚುಕಮ್ಮಿ ಉತ್ತರ ಧ್ರುವದ ನೆತ್ತಿಯ ಮೇಲೇ ಹಾಯುತ್ತದೆ, ಧ್ರುವದಿಂದ ಇನ್ನೂರು ಕಿಲೋಮೀಟರ್ ಅಷ್ಟೇ ದೂರ. ಫ್ರಾಂಕ್‌ಫರ್ಟ್ ಮೂಲಕವಾದರೆ 7,400 ಮತ್ತು 9,150. ಸಿಂಗಪುರ ಮೂಲಕವಾದರೆ 3,200 ಮತ್ತು 13,600. ಒಟ್ಟಿನಲ್ಲಿ ದೂರ ಹದಿನೈದು ಮುಕ್ಕಾಲು ಸಾವಿರದಿಂದ ಹದಿನಾರು ಮುಕ್ಕಾಲು ಸಾವಿರದವರೆಗೆ. ನೇರ ದಾರಿಗಿಂತ ಹೆಚ್ಚಾಗುವುದು ಎರಡು-ಮೂರು ಗಂಟೆಯ ಹಾರಾಟ. ಆದರೂ ಒಂದು ನಿಲುಗಡೆಯ ಪ್ರಯಾಣ ಇಪ್ಪತ್ತೆರಡು, ಇಪ್ಪತ್ತಾರು ಗಂಟೆಗೆ ಏರುವುದು ಮಧ್ಯದ ನಿಲ್ದಾಣದಲ್ಲಿ ಕಾಯುವುದರಿಂದ. ಹಾಗಾಗಿ ಎರಡು ಟಿಕೆಟ್ ಹೋಲಿಸುವಾಗ ಊರಿನ ಹೆಸರು ನೋಡಬೇಡಿ, ಕಾಯುವ ಗಂಟೆ ನೋಡಿ.

ನನ್ನ ಅಭಿಪ್ರಾಯ ಕೇಳಿದರೆ: ಮಂಡಿನೋವು, ಕಾಲು ಊತ ಇಲ್ಲದವರಿಗೆ, ಹೊಸ ಜಾಗದಲ್ಲಿ ಬೋರ್ಡು ಓದಿಕೊಂಡು ಗೇಟು ಹುಡುಕುವುದು ಕಷ್ಟ ಅನ್ನುವವರಿಗೆ ನೇರ ವಿಮಾನವೇ ಸರಿ, ನಾಲ್ಕು ಕಾಸು ಜಾಸ್ತಿ ಆದರೂ ಪರವಾಗಿಲ್ಲ. ನೇರ ವಿಮಾನಗಳು ದಿನವೂ ಇರುವುದಿಲ್ಲ, ಪೂರ್ತಿ ನಿಲ್ಲಿಸಿಬಿಡುವುದೂ ಉಂಟು. ನಿಮ್ಮ ತಿಂಗಳಿಗೆ ಇದೆಯಾ ಅಂತ ಮಗಳಿಗೆ ನೋಡಲು ಹೇಳಿ. ಹದಿನಾರು ಗಂಟೆ ಒಂದೇ ಸಮ ಕೂರಲಾಗದು ಅನ್ನುವವರು ಒಂದು ನಿಲುಗಡೆಯದ್ದು ತೆಗೆದುಕೊಳ್ಳಲಿ. ಆದರೆ ಮೂರು ಗಂಟೆಗಿಂತ ಕಡಿಮೆ ಅಂತರದ ಟಿಕೆಟ್ ನಿಮ್ಮ ವಯಸ್ಸಿನಲ್ಲಿ ಬೇಡವೇ ಬೇಡ. ಒಂದೂವರೆ ಗಂಟೆಯಲ್ಲಿ ಬದಲಾಯಿಸಬಹುದು ಅಂತ ಕಂಪ್ಯೂಟರ್ ಮಾರಿಬಿಡುತ್ತದೆ. ಮೊದಲ ವಿಮಾನ ನಲವತ್ತು ನಿಮಿಷ ತಡವಾದರೆ ಓಡಬೇಕಾದವರು ನೀವು. ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿರಲಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಕಂಪನಿಯದು. ಬೇರೆ ಬೇರೆ ತೆಗೆದರೆ ನಷ್ಟ ನಿಮ್ಮದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನ್ಯೂಯಾರ್ಕ್‌ನಲ್ಲೋ ಷಿಕಾಗೋದಲ್ಲೋ ಇಳಿದು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ಟಿಕೆಟ್ ಆದರೆ, ಅಮೆರಿಕದಲ್ಲಿ ಮೊದಲು ಕಾಲಿಟ್ಟ ಊರಲ್ಲೇ ವಲಸೆ ತಪಾಸಣೆ, ಅಲ್ಲೇ ಸೂಟ್‌ಕೇಸ್ ಇಳಿಸಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಲಗೇಜ್ ಕೊಡಬೇಕು, ಮತ್ತೆ ಭದ್ರತಾ ತಪಾಸಣೆ. ಇಪ್ಪತ್ಮೂರು ಕಿಲೋದ ಎರಡೆರಡು ಸೂಟ್‌ಕೇಸ್ ಎಳೆದುಕೊಂಡು ಈ ವಯಸ್ಸಿನಲ್ಲಿ ಯಾಕೆ? ನಿಲುಗಡೆ ಇದ್ದರೆ ಅದು ಅಮೆರಿಕದ ಹೊರಗಿರಲಿ. ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ಮಾಡುವಾಗಲೇ, ತಡವಾದರೂ ಎರಡು ದಿನ ಮುಂಚೆ ಹೇಳಿ; ನಾಚಿಕೆಪಡುವಂಥದ್ದೇನಿಲ್ಲ.

ವಿಮಾನದೊಳಗಿನ ಗಾಳಿ 1,800ರಿಂದ 2,400 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ನಂದಿಬೆಟ್ಟದ ತುದಿಯೇ 1,478 ಮೀಟರ್. ಅದಕ್ಕಿಂತ ಎತ್ತರದಲ್ಲಿ ಹದಿನಾರು ಗಂಟೆ ಕೂತ ಹಾಗೆ. ಮೇಲಾಗಿ ಬಲು ಒಣ ಗಾಳಿ. ಹೃದಯ, ಶ್ವಾಸಕೋಶದ ತೊಂದರೆ ಇದ್ದರೆ ಹೊರಡುವ ಮುನ್ನ ವೈದ್ಯರನ್ನು ಕಾಣಲೇಬೇಕು. ಇಲ್ಲದಿದ್ದರೂ ಆಗಾಗ ನೀರು ಕುಡಿಯಿರಿ, ಗಂಟೆ-ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ. ಕಾಲಿನ ರಕ್ತ ಹೆಪ್ಪುಗಟ್ಟದಿರಲು ಅದೇ ಒಳ್ಳೆಯ ಉಪಾಯ. ಕಾರಿಡಾರ್ ಪಕ್ಕದ ಸೀಟು ಕೇಳಿ ಪಡೆಯಿರಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇದ್ದರೆ ಯಾವ ಗಡಿಯಾರ ನೋಡಿ ತೆಗೆದುಕೊಳ್ಳಬೇಕು ಅಂತ ವೈದ್ಯರಿಂದ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಔಷಧಿ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕಬೇಡಿ. ಹಗಲು-ರಾತ್ರಿ ಪೂರ್ತಿ ತಿರುವುಮುರುವಾಗುವುದರಿಂದ ನಿದ್ದೆ ಸರಿಹೋಗಲು ವಾರ, ಹತ್ತು ದಿನ ಹಿಡಿಯುತ್ತದೆ. ಹೋದ ಮೊದಲ ವಾರ ಊರು ಸುತ್ತುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ ಅಂತ ಅಳಿಯಂದಿರಿಗೂ ಹೇಳಿ.

ಜನವರಿ ಅಂದರೆ ನಮ್ಮ ಕಡೆ ಅವರೆಕಾಯಿ ಕಾಲ, ಮಗಳಿಗೆ ಒಯ್ಯಬೇಕು ಅನ್ನಿಸದೇ ಇರುತ್ತದೆಯೇ? ಹಸಿ ಕಾಯಿ, ಹಣ್ಣು, ಬಿತ್ತನೆ ಬೀಜ ಒಯ್ಯುವ ಆಸೆ ಬಿಡಿ. ಹುರಿಗಾಳು, ಚಟ್ನಿಪುಡಿಯಂಥ ಒಣಗಿದ ತಿಂಡಿ ಒಯ್ದರೂ ಕಸ್ಟಮ್ಸ್‌ನವರಿಗೆ "ತಿನ್ನುವ ಪದಾರ್ಥ ಇದೆ" ಅಂತ ಮೊದಲೇ ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ಎಸೆಯುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಮನೆಯಿಂದ ಮನೆಗೆ ಲೆಕ್ಕ ಹಾಕಿಬಿಡೋಣ. ಶಿಡ್ಲಘಟ್ಟದಿಂದ ವಿಜಯಪುರ, ದೇವನಹಳ್ಳಿ ಮೇಲೆ ನಿಲ್ದಾಣಕ್ಕೆ ಒಂದು-ಒಂದೂಕಾಲು ಗಂಟೆ. ವಿದೇಶಿ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದ, ಡ್ರೈವರ್‌ಗೆ ಮೊದಲೇ ಹೇಳಿಡಿ. ಅಮೆರಿಕದ ವಿಮಾನಗಳಿಗೆ ತಪಾಸಣೆ ಹೆಚ್ಚು, ನಾಲ್ಕು ಗಂಟೆ ಮುಂಚೆ ಅಲ್ಲಿದ್ದರೆ ನೆಮ್ಮದಿ. 2:30ರ ವಿಮಾನಕ್ಕೆ ಬೆಳಿಗ್ಗೆ 9 ಗಂಟೆಗೆ ಊರು ಬಿಡಿ, ತಿಂಡಿ ತಿಂದುಕೊಂಡೇ ಹೊರಡಬಹುದು. ಆ ಕಡೆ ಇಳಿದ ಮೇಲೆ ವಲಸೆ ಕೌಂಟರಿನ ಸಾಲು, ಲಗೇಜ್, ಕಸ್ಟಮ್ಸ್ ಅಂತ ಒಂದು-ಒಂದೂವರೆ ಗಂಟೆ ಹೋಗುತ್ತದೆ. ಎಷ್ಟು ದಿನ ಇರುತ್ತೀರಿ, ಎಲ್ಲಿ ಇರುತ್ತೀರಿ ಅಂತ ಕೇಳುತ್ತಾರೆ. ಮಗಳ ವಿಳಾಸ, ಫೋನ್ ನಂಬರ್, ವಾಪಸ್ ಟಿಕೆಟ್ ಕಾಗದದ ಮೇಲೆ ಇರಲಿ, ಮೊಬೈಲನ್ನೇ ನಂಬಬೇಡಿ. ಮಗಳು 5ಕ್ಕೇ ಬಂದು ಹೊರಗೆ ನಿಂತರೆ ಸುಮ್ಮನೆ ಪಾರ್ಕಿಂಗ್ ದುಡ್ಡು ದಂಡ. 6:15ಕ್ಕೆ ಬಾ ಅನ್ನಿ, ಸಾಕು.